ಒಂದಕ್ಷರದ ಹೂಂ

ನನ್ನ ತಮ್ಮನಿಗೆ ಉದ್ದ ಮಾತು ಮೊದಲಿಂದಲೂ ಆಗದು. ಮಗುವಾಗಿದ್ದಾಗ ‘ನೀರು ಕೊಡು’ ಅಂತ ಹೇಳಿಕೊಟ್ಟರೆ ಲೋಟ ತೋರಿಸಿ ‘ನೀ’ ಅನ್ನುತ್ತಿದ್ದ. ‘ಇವನು ಮಾತಿಗೂ ಜಿಪುಣ’ ಅಂತ ನಮ್ಮಮ್ಮ ನಗುತ್ತಿದ್ದಳು. ದೊಡ್ಡವನಾದ ಮೇಲೆ ಶೀಘ್ರಲಿಪಿ ಕಲಿತ. ಯಾರೋ ಒಂದು ಗಂಟೆ ಮಾತಾಡಿದ್ದು ಇವನ ಪುಸ್ತಕದಲ್ಲಿ ನಾಲ್ಕು ಪುಟ ಕೊಕ್ಕೆ, ಗೆರೆ, ಚುಕ್ಕೆ. ಆ ವಿದ್ಯೆ ಹಿಡಿದುಕೊಂಡೇ ನಮ್ಮ ಕಾಲುಚೀಲದ ಕಾರ್ಖಾನೆಯ ಆಫೀಸಿಗೆ ಟೈಪಿಸ್ಟಾಗಿ ಸೇರಿದ.

ನಾನು ಅಲ್ಲಿ ಆಗಲೇ ಏಳು ವರ್ಷದಿಂದ ಬೆರಳು ಮುಚ್ಚುವ ಸಾಲಿನಲ್ಲಿ ಕೂತಿದ್ದೆ. ಯಂತ್ರದಿಂದ ಕಾಲುಚೀಲ ಎರಡೂ ಕಡೆ ಬಾಯಿ ತೆರೆದುಕೊಂಡು ಕೊಳವೆಯ ಹಾಗೆ ಬೀಳುತ್ತದೆ. ಬೆರಳಿನ ಕಡೆಯ ಬಾಯಿ ಹೊಲಿಯಬೇಕು. ಮೂವತ್ತೊಂದು ವರ್ಷ ನಾನು ಮಾಡಿದ್ದು ಅಷ್ಟೇ, ಜಗತ್ತಿನ ಬಾಯಿ ಮುಚ್ಚಿಸಿದ್ದು.

ತಮ್ಮ ಮದುವೆಯಾಗಲಿಲ್ಲ. ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ. ಸಂಜೆ ಆರು ಗಂಟೆಗೆ ನಮ್ಮ ಅಡುಗೆಮನೆಗೆ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಅವತ್ತು ಆಫೀಸಿನಲ್ಲಿ ನಡೆದದ್ದೆಲ್ಲ ಹೇಳಬೇಕು. ಹೊರಗೆ ಜಿಪುಣ, ನನ್ನ ಮುಂದೆ ಧಾರಾಳಿ. ನಾನು ಒಲೆ ಕಡೆ ಮುಖ ಮಾಡಿಕೊಂಡು ‘ಹೂಂ’ ಅನ್ನುತ್ತಿದ್ದೆ, ಅವನು ಮುಂದಕ್ಕೆ ಹೇಳುತ್ತಿದ್ದ. ಮತ್ತೆ ‘ಹೂಂ’. ನಲವತ್ತು ವರ್ಷ ಹೀಗೇ ನಡೆಯಿತು.

ಹನ್ನೊಂದು ವರ್ಷದ ಕೆಳಗೆ ಹೊಸ ಹೆಣಿಗೆ ಯಂತ್ರಗಳು ಬಂದವು, ಇಪ್ಪತ್ತನಾಲ್ಕು. ಪ್ರತಿಯೊಂದರ ಪಕ್ಕ ಒಂದು ಸಣ್ಣ ಪರದೆ, ಒಂದು ಕೀಲಿಮಣೆ. ಜೋಡಿಸಲು ಬಂದಿದ್ದ ಇಂಜಿನಿಯರು ಆಫೀಸಿನಲ್ಲಿ ಯಾರಿಗೆ ಹೇಳಿಕೊಟ್ಟರೂ ತಲೆಗೆ ಹತ್ತಲಿಲ್ಲ, ನನ್ನ ತಮ್ಮನಿಗೆ ಹತ್ತಿತು. ಅವತ್ತು ಸಂಜೆ ಅವನ ಮುಖ ನೋಡಬೇಕಿತ್ತು.

“ಅಕ್ಕಾ, ಈ ಯಂತ್ರಕ್ಕೆ ಅರ್ಥ ಆಗೋದು ಲಿಸ್ಪ್ ಅನ್ನೋ ವಂಶದ ಭಾಷೆ. ಹಳೇ ವಂಶ. ಎಲ್ಲಾ ಕಂಸದೊಳಗೇ ಬರೀಬೇಕು. ಕಂಸ ತೆರೆದ ಕೂಡಲೇ ಮೊದಲ ಪದ ಏನು ಮಾಡ್ಬೇಕು ಅಂತ ಹೇಳುತ್ತೆ. ಆಮೇಲೆ ಬರೋದು ಎಷ್ಟು ಅಂತ.” ಹಾಲಿನ ಚೀಟಿಯ ಹಿಂದೆ ಬರೆದು ತೋರಿಸಿದ. (ಹೆಣೆ ೨) (ಬಿಡು ೧).

“ಇದೇನೋ ಇದು, ಕೆಲಸ ಮೊದಲು ಹೇಳೋದು?” ಅಂದೆ ನಾನು. “ನಾವು ‘ನೀರು ಕುಡಿ’ ಅಂತೀವಿ. ‘ಕುಡಿ ನೀರು’ ಅಂತೀವಾ?”

“ಇದರಲ್ಲಿ ಹಾಗೇ.”

“ಜಗಳ ಆಡೋವಾಗ ಮಾತ್ರ ಹಾಗೆ ಮಾತಾಡೋದು ಕಣೋ. ‘ತೆಗಿ ಕೈ! ಮುಚ್ಚು ಬಾಯಿ! ನಡಿ ಆಚೆ!’”

“ಹಾಗಂತಲೇ ಇಟ್ಕೋ. ಯಂತ್ರದ ಹತ್ತಿರ ದಿನಾ ಜಗಳ.”

ಅವನಿಗೆ ಹುಚ್ಚು ಹಿಡಿಸಿದ್ದು ಇನ್ನೊಂದು ಮಾತು. ಇಂಜಿನಿಯರು ಹೋಗುವಾಗ ಹೇಳಿದ್ದನಂತೆ: ಕಂಸ ನಮ್ಮದು, ಪದ ನಿಮ್ಮದು. ಯಾವ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿಕೊಳ್ಳಿ, ಈ ವಂಶದಲ್ಲಿ ಅದು ಪದ್ಧತಿ. ಆದರೆ ನೋಡಿಕೊಂಡು ಇಡಿ. ಮುತ್ತಜ್ಜನ ಕಾಲದಲ್ಲಿ ಪಟ್ಟಿಯ ಮೊದಲನೆಯದಕ್ಕೆ ‘ಕಾರ್’ ಅಂತ, ಮಿಕ್ಕಿದ್ದಕ್ಕೆ ‘ಕುಡರ್’ ಅಂತ ಇಟ್ಟಿದ್ದರು, ಆಗಿನ ಯಾವುದೋ ಯಂತ್ರದ ಭಾಗಗಳ ಹೆಸರಿನಿಂದ ಎತ್ತಿಕೊಂಡದ್ದು. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಇನ್ನೂ ಹೋಗಿಲ್ಲ.

“ಇಟ್ಟ ಹೆಸರು ಇಟ್ಟವನಿಗಿಂತ ಗಟ್ಟಿ ಅಕ್ಕಾ,” ಅಂದ. ಮಕ್ಕಳಿಲ್ಲದವನು ಆ ಮಾತನ್ನು ಹೇಳಿದ ರೀತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಅವತ್ತಿಂದ ಒಂದು ನೀಲಿ ರಟ್ಟಿನ ನೋಟ್‌ಬುಕ್ ಇಟ್ಟ. ಒಂದು ಸಾಲಿಗೆ ಒಂದು ಪದ. ಕೆಲಸ ಏನು, ಪದ ಏನು, ಕೊನೆಯ ಕಲಂನಲ್ಲಿ ‘ಕೊಟ್ಟವರು’. ಒಂದೊಂದು ಪದಕ್ಕೆ ವಾರಗಟ್ಟಲೆ ಒದ್ದಾಡುತ್ತಿದ್ದ. ಹಿಂದಿನ ಸಾಲನ್ನೇ ಮತ್ತೆ ಹೆಣೆಯುವುದಕ್ಕೆ ಮೊದಲು ‘ಪುನರಾವರ್ತಿಸು’ ಅಂತ ಇಟ್ಟ. ಆಮೇಲೆ ‘ಮರಳಿ’. ಆಮೇಲೆ ‘ಮತ್ತೆ’. ಆರು ತಿಂಗಳಿಗೆ ‘ಅದೇ’ ಅನ್ನುವಲ್ಲಿಗೆ ಬಂದು ನಿಂತ.

“ಯಾಕಿಷ್ಟು ಸವೆಸ್ತೀಯೋ?” ಅಂತ ಕೇಳಿದೆ.

“ಒಂದು ಕಾಲುಚೀಲದಲ್ಲಿ ಅತೀ ಹೆಚ್ಚು ಬರೋ ಕೆಲಸ ಇದೇ. ಅದಕ್ಕೆ ಉದ್ದ ಪದ ಇಟ್ಟರೆ ಹೆಂಗಸರ ಬೆರಳು ಬಿದ್ದುಹೋಗುತ್ತೆ.”

“ಗೊತ್ತಿರೋ ವಿಷಯಾನೇ ಬಿಡು. ಅಮ್ಮ, ಅಪ್ಪ, ಅಕ್ಕ, ಅಣ್ಣ, ದಿನಾ ಕೂಗೋರಿಗೆಲ್ಲ ಎರಡೆರಡೇ ಅಕ್ಷರ. ದೊಡ್ಡಮ್ಮನ ನಾದಿನಿಯ ಭಾವಮೈದುನ ಅನ್ನೋಕೆ ಎರಡು ಉಸಿರು ಬೇಕು. ಅವನು ಮನೆಗೆ ಬರೋದು ಹತ್ತು ವರ್ಷಕ್ಕೆ ಒಂದು ಸಲ.”

ಅವನು ನನ್ನನ್ನೇ ನೋಡಿದ. ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲೇ ಬರೆದುಕೊಂಡ: ‘ಹತ್ತಿರದ ನೆಂಟನಿಗೆ ಚಿಕ್ಕ ಹೆಸರು.’ ಅದರ ಮುಂದೆ, ಕೊಟ್ಟವರು ಅನ್ನುವಲ್ಲಿ, ‘ನಾ’ ಅಂತ ಹಾಕಿದ. ‘ನಾನು’ ಅನ್ನುವುದನ್ನೂ ಮೊಟಕು ಮಾಡಿದ್ದ. ಪುಟ ತಿರುಗಿಸಿದರೆ ಆ ಕಲಂ ತುಂಬ ಮೇಲಿಂದ ಕೆಳಗೆ ನಾ, ನಾ, ನಾ. ನನಗೆ ಸ್ವಲ್ಪ ಚುಚ್ಚಿತು. ಹೋಗಲಿ, ತಮ್ಮ ಅಲ್ಲವೇ ಅಂತ ಸುಮ್ಮನಾದೆ.

ನನಗೆ ಒಬ್ಬಳೇ ಮಗಳು. ಅವಳಿಗೆ ಅಜ್ಜಿ ಆರಕ್ಷರದ ಹೆಸರಿಟ್ಟಿದ್ದಳು. ತೊಟ್ಟಿಲ ಹತ್ತಿರ ನಿಂತು ಅದನ್ನು ‘ಚಿಕ್ಕಿ’ ಅಂತ ಇಳಿಸಿದವನು ಇವನೇ. ಅಕ್ಷರ ಕಲಿಸಿದವನೂ ಇವನೇ. ಯಂತ್ರಗಳು ಬಂದ ಮೇಲೆ ನಮ್ಮ ಊಟದ ಮೇಜಿನ ಮೇಲೆ ಕಂಸ ಕಲಿಸಿದ. “ತೆರೆದದ್ದನ್ನು ಮುಚ್ಚು, ಚಿಕ್ಕಿ. ಬಾಗಿಲು ತೆರೆದು ಹೋದರೆ ನಿಮ್ಮಮ್ಮ ಬೈಯ್ತಾಳಲ್ಲ, ಯಂತ್ರನೂ ಹಾಗೇ.” ಅವಳು ಅವನಿಗೆ ‘ಕಂಸ ಮಾವ’ ಅಂತ ಹೆಸರಿಟ್ಟಳು. ಸೋದರಮಾವ, ಮೈತುಂಬ ಕಂಸ. ಅವನಿಗೂ ನಗು, ಇಡೀ ಕಾರ್ಖಾನೆಯೂ ಅವನನ್ನು ಹಾಗೇ ಕರೆಯತೊಡಗಿತು. ಒಡಹುಟ್ಟಿದವಳ ಕೂಸನ್ನು ಕಂಡರೆ ಆ ಪುರಾಣದ ಕಂಸನಿಗೆ ಏನಾಗುತ್ತಿತ್ತು ಅನ್ನುವುದು ಆಗ ಯಾರ ತಲೆಯಲ್ಲೂ ಇರಲಿಲ್ಲ.

ಅವರಿಬ್ಬರೂ ಮೇಜಿನ ಮೇಲೆ ತಲೆಗೆ ತಲೆ ತಾಗಿಸಿ ಕೂತಿರುವಾಗ ನಾನು ಚಹಾ ಲೋಟ ಇಟ್ಟರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಚಹಾ ಆರಿದ ಮೇಲೆ ಗೊತ್ತಾಗುತ್ತಿತ್ತು.

ಚಿಕ್ಕಿ ಓದು ಮುಗಿಸಿ ಅದೇ ಕಾರ್ಖಾನೆಯಲ್ಲಿ, ಮಾವನ ಎದುರು ಮೇಜಿನಲ್ಲೇ ಕೆಲಸಕ್ಕೆ ಕೂತಳು. ‘ನಾನು ತಯಾರು ಮಾಡಿದ ಹುಡುಗಿ’ ಅಂತ ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ಅವನ ನಿವೃತ್ತಿಗೆ ನಾಲ್ಕು ತಿಂಗಳಿದೆ ಅನ್ನುವಾಗ ಯಜಮಾನರು ಕರೆಸಿ ಹೇಳಿದರು. “ನೀವು ಹೋದ ಮೇಲೆ ತಲೆಗೊಂದು ಪದ ಮಾಡ್ಕೊಂಡು ಕೂತರೆ ಕಷ್ಟ. ನಿಮ್ಮ ಪಟ್ಟಿಯನ್ನ ತಗಡಿನ ಮೇಲೆ ಕೊರೆಸಿ ಒಂದೊಂದು ಯಂತ್ರಕ್ಕೂ ಹಾಕಿಸ್ತೀನಿ. ಹೆಚ್ಚು ಬಳಸೋದು ಮೊದಲ ಸಾಲಿಗೆ. ಒಂದು ಕೆಲಸಕ್ಕೆ ಒಂದೇ ಪದ ಇರಲಿ. ಬರೆದುಕೊಡಿ.”

ತಗಡು! ಇಪ್ಪತ್ತನಾಲ್ಕು ತಗಡು, ಮೊದಲ ಸಾಲಿನಲ್ಲಿ ‘ಅದೇ’. ಅವತ್ತು ಸಂಜೆ ಅವನು ಸ್ಟೂಲಿನ ಮೇಲೆ ಕೂರಲೇ ಇಲ್ಲ, ಅಡುಗೆಮನೆಯ ಉದ್ದಕ್ಕೂ ಓಡಾಡಿಕೊಂಡು ಹೇಳಿದ. ನಾನು ಸೊಪ್ಪು ಹೆಚ್ಚುತ್ತಾ ಹೂಂ, ಹೂಂ ಅನ್ನುತ್ತಿದ್ದೆ. ಮೇಜಿನ ಹತ್ತಿರ ಬಟ್ಟೆ ಮಡಿಸುತ್ತಿದ್ದ ಚಿಕ್ಕಿ ತಟ್ಟನೆ ತಲೆಯೆತ್ತಿದಳು.

“ಅಮ್ಮಾ, ಇನ್ನೊಂದ್ ಸಲ ಅನ್ನು.”

“ಏನನ್ನ?”

“ಈಗ ಅಂದ್ಯಲ್ಲ, ಅದನ್ನ.”

“ನಾನೇನೂ ಅನ್ನಲಿಲ್ವಲ್ಲೇ. ಬರೀ ಹೂಂ ಅಂದೆ.”

“ಅದೇ!” ಅಂದವಳು ಬಾಯಿ ಮುಚ್ಚಿಕೊಂಡು ನಕ್ಕಳು. ಯಾಕೆ ನಕ್ಕಳೋ ನನಗೆ ಆಗ ತಿಳಿಯಲಿಲ್ಲ.

ಮಾರನೇ ದಿನ ಹೋಗಿ ಅವಳು ಯಂತ್ರಕ್ಕೆ ಇನ್ನೊಂದು ಪದ ಕಲಿಸಿದಳು. ‘ಅದೇ’ ಅಂತ ಬರೆದರೂ ಸರಿ, ‘ಹೂಂ’ ಅಂತ ಬರೆದರೂ ಸರಿ, ಹಿಂದಿನ ಸಾಲನ್ನೇ ಹೆಣೆದುಕೊಂಡು ಹೋಗುತ್ತದೆ. ಒಂದು ವ್ಯತ್ಯಾಸ ಇಟ್ಟಳು. ‘ಅದೇ’ಯ ಮುಂದೆ ಅಂಕಿ ಹಾಕದಿದ್ದರೆ ಯಂತ್ರ ನಿಂತು ‘ಎಷ್ಟು?’ ಅಂತ ಕೇಳುತ್ತಿತ್ತು. ‘ಹೂಂ’ ಮುಂದೆ ಅಂಕಿ ಇಲ್ಲದಿದ್ದರೆ ಕೇಳುವುದಿಲ್ಲ, ನಡೆಸಿಕೊಂಡೇ ಹೋಗುತ್ತದೆ. “ನಮ್ಮಮ್ಮನ ಹಾಗೆ,” ಅಂದಳಂತೆ.

ಎಂಟು ದಿನದಲ್ಲಿ ‘ಅದೇ’ ಬರೆಯುವವರು ಇಲ್ಲವಾದರು. ನಾಲ್ಕನೇ ಯಂತ್ರದಾಕೆ ನಮ್ಮ ಮನೆಯ ಎದುರಿನವಳು, ಬಾಯಿ ಸ್ವಲ್ಪ ಜಾಸ್ತಿ. ಬೀದಿಯಲ್ಲೇ ನಿಂತು ಹೇಳಿದಳು: “ನಮ್ಮನೆಯವರು ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಮಾತಿಗೂ ಹೂಂ ಅಂದಿಲ್ಲ ಅಕ್ಕಾ. ಈ ಯಂತ್ರ ದಿನಕ್ಕೆ ನೂರು ಸಲ ಅನ್ನುತ್ತೆ. ಇದನ್ನೇ ಕಟ್ಕೋಬೇಕಿತ್ತು.”

ನಮ್ಮ ಮನೆಯಲ್ಲಿ ಏನೋ ಕೆಟ್ಟಿದೆ ಅಂತ ನನಗೆ ಗೊತ್ತಾದದ್ದು ಮಗಳ ಹೆಸರು ಉದ್ದವಾದಾಗ. ತಮ್ಮ ಬಾಗಿಲಲ್ಲಿ ನಿಂತು, ಆರಕ್ಷರದ ಪೂರ್ತಿ ಹೆಸರು ಹಿಡಿದು, “ಬಂದಿದ್ದಾಳಾ?” ಅಂತ ಕೇಳಿದ. ಇಪ್ಪತ್ತಾರು ವರ್ಷದಲ್ಲಿ ಅವನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿರಲಿಲ್ಲ. ಯಾರೋ ಅಪರಿಚಿತರನ್ನು ಕೇಳಿದ ಹಾಗಿತ್ತು.

ಅದಾದ ಮೇಲೆ ದಿನಾ ಒಂದು ಚೀಟಿ ತರತೊಡಗಿದ. ಯಾವ ಪದವನ್ನು ಯಂತ್ರಗಳಲ್ಲಿ ಎಷ್ಟು ಸಲ ಬರೆದರು ಅನ್ನುವುದನ್ನು ಆಫೀಸಿನ ಕಂಪ್ಯೂಟರ್ ಲೆಕ್ಕ ಇಡುತ್ತದೆ.

“ಇವತ್ತು ಹೂಂ ನಾನೂರಾ ಎಂಟು. ಅದೇ ಹನ್ನೆರಡು.”

“ಹನ್ನೆರಡಾದ್ರೂ ಇದೆಯಲ್ಲ. ಯಾರು ಬರೆದರು?”

ಸ್ವಲ್ಪ ಹೊತ್ತು ಚೀಟಿ ಮಡಿಸಿದ. “ನಾನೇ.”

ನಗು ಬಂತು, ತಡೆದುಕೊಂಡೆ. ಹೊಟ್ಟೆಕಿಚ್ಚು ಪಡುವವನನ್ನು ನೋಡಿ ನಗಬಾರದು, ಅದು ಅವನಿಗೆ ನಿಜವಾಗಿಯೂ ಉರಿಯುತ್ತಿರುತ್ತದೆ. ರಾತ್ರಿ ಊಟ ಅರ್ಧಕ್ಕೆ ಬಿಡುತ್ತಿದ್ದ. ಚಿಕ್ಕಿ ಕೋಣೆಗೆ ಬಂದರೆ ಇವನಿಗೆ ಕೋಣೆಯಲ್ಲಿ ಸೆಖೆ. ಒಂದು ದಿನ ಇಬ್ಬರೂ ನನ್ನ ಮುಂದೆಯೇ ಜಗಳಕ್ಕೆ ನಿಂತರು.

“ಅದು ಪದವೇ ಅಲ್ಲ. ಸದ್ದು,” ಅಂದ ಅವನು.

“ಒಂದೇ ಅಕ್ಷರ, ಮಾವ. ನಿಮ್ಮದು ಎರಡು.”

“ಕೀಲಿಮಣೆ ಮೇಲೆ ಎಣಿಸು! ಹ, ಅದಕ್ಕೆ ದೀರ್ಘ, ಅದಕ್ಕೊಂದು ಸೊನ್ನೆ. ಮೂರು ಒತ್ತು. ಅ, ದ, ಏತ್ವದ ದೀರ್ಘ. ಅದೂ ಮೂರೇ. ಎಲ್ಲಿ ಬಂತು ನಿನ್ನ ಉಳಿತಾಯ?”

“ಬೆರಳಿಗೆ ಸಮ, ಒಪ್ಪಿದೆ. ನಾಲಿಗೆಗೆ? ಹೂಂ ಅನ್ನೋಕೆ ಬಾಯೇ ತೆರೀಬೇಕಾಗಿಲ್ಲ. ಒಂದು ಪದ ಎಷ್ಟು ಚಿಕ್ಕದು ಅನ್ನೋದನ್ನ ಅಕ್ಷರ ಎಣಿಸಿ ನೋಡೋದಲ್ಲ ಮಾವ, ಎಷ್ಟು ಕಡಿಮೆ ಯೋಚನೆ ಮಾಡಿ ಬರೀಬಹುದು ಅಂತ ನೋಡೋದು. ನೀವೇ ಹೇಳಿಕೊಟ್ಟಿದ್ದು.”

“ನಾನು ಹೇಳಿಕೊಟ್ಟಿದ್ದನ್ನ ನನಗೇ ತಿರುಗಿಸ್ತಾಳೆ ನೋಡು ಅಕ್ಕಾ!”

“ಹೂಂ,” ಅಂದೆ ನಾನು, ಅಭ್ಯಾಸಬಲ.

ಅವನು ಎದ್ದು ನಿಂತ. “ಇನ್ನು ಮೇಲೆ ನನ್ನ ಮುಂದೆ ಆ ಸದ್ದು ಮಾಡ್ಬೇಡ,” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪಟ್ಟಿಯನ್ನು ಸೋಮವಾರ ಕೊಡಬೇಕು ಅಂತಿತ್ತು. ಪಟ್ಟಿ ಬರೆಯುವ ಕೈ ಅವನದು. ಹೂಂ ಅನ್ನುವುದನ್ನು ಬಿಟ್ಟು ಅದೇ ಅಂತ ಬರೆದುಕೊಟ್ಟರೆ ಕೇಳುವವರಿಲ್ಲ. ಚಿಕ್ಕಿಗೂ ಅದು ಗೊತ್ತಿತ್ತು. “ಬರೀತಾರೆ ಬಿಡು, ಅವರ ಹತ್ತಿರ ಪೆನ್ನಿದೆ,” ಅಂತ ನನ್ನ ಹತ್ತಿರ ಮುಖ ಊದಿಸಿಕೊಂಡು ಹೇಳಿದಳು. ಹನ್ನೊಂದು ವರ್ಷದ ನೋಟ್‌ಬುಕ್ಕಿನಲ್ಲಿ ಅವಳದು ಅಂತ ಒಂದು ಸಾಲಾದರೂ ಬೇಕಿತ್ತು ಅವಳಿಗೆ.

ಆ ಗುರುವಾರ ಬೆರಳು ಮುಚ್ಚುವ ಸಾಲಿನಲ್ಲಿ ಜನ ಕಡಿಮೆ ಅಂತ, ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದ ನನ್ನನ್ನೂ ಕರೆಸಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಆಚೆ ಕಡೆಯಿಂದ ಗಲಾಟೆ ಕೇಳಿಸಿತು. ನಾಲ್ಕನೇ ಯಂತ್ರದಾಕೆ ‘ಹೂಂ’ ಅಂತ ಬರೆದು, ಅಂಕಿ ಹಾಕುವುದು ಮರೆತು, ಒಂಬತ್ತನೆಯದರಲ್ಲಿ ದಾರ ಸಿಕ್ಕಿಕೊಂಡಿದೆ ಅಂತ ಬಿಡಿಸಲು ಹೋಗಿದ್ದಳು. ಯಂತ್ರ ಹೂಂ ಅಂದಿತು, ಹೂಂ ಅಂದಿತು, ಅನ್ನುತ್ತಲೇ ಇತ್ತು. ಅವಳು ತಿರುಗಿ ಬರುವಷ್ಟರಲ್ಲಿ ಬೂದು ಬಣ್ಣದ ಕಾಲುಚೀಲ ಬುಟ್ಟಿ ತುಂಬಿ, ನೆಲಕ್ಕಿಳಿದು, ಮೇಜಿನ ಕೆಳಗೆ ಹರಿದು ಹೋಗಿತ್ತು. ಅಳೆದರೆ ಹದಿನಾಲ್ಕು ಅಡಿ. ಹಿಮ್ಮಡಿ ಇಲ್ಲ, ಪಾದ ಇಲ್ಲ. ನಿಲ್ಲಿಸಲು ಬೇರೆ ದಾರಿ ಇರಲಿಲ್ಲ, ಕೆಂಪು ಗುಂಡಿ ಒತ್ತಿದರು. ಕರೆಂಟು ಹೋಗಿ ಸೂಜಿಗಳಿಂದ ಹೆಣಿಗೆಯ ಕುಣಿಕೆಗಳೆಲ್ಲ, ನಾವು ಕಣ್ಣು ಅನ್ನುತ್ತೇವೆ, ಜಾರಿ ಬಿದ್ದವು.

“ಹಾವಿಗೆ ಚಳಿಗಾಲ ಬಂತು, ಕಳಿಸಿಕೊಡಿ,” ಅಂದಳು ಆಕೆ, ತನ್ನ ತಪ್ಪಿಗೆ ತಾನೇ ಮೊದಲು ನಗುವವಳು. ಎಲ್ಲರೂ ನಕ್ಕರು, ಚಿಕ್ಕಿಯ ಮುಖ ಮಾತ್ರ ಸುಣ್ಣ. ನನ್ನ ತಮ್ಮ ಆಫೀಸಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅಷ್ಟು ತಂಪಾದ ಮುಖವನ್ನು ನಾನು ಎರಡು ತಿಂಗಳಿಂದ ನೋಡಿರಲಿಲ್ಲ.

ಸಂಜೆ ಆರಕ್ಕೆ ಸರಿಯಾಗಿ ಬಂದ. ಸ್ಟೂಲು ಎಳೆದುಕೊಂಡ. ನಾನೂ ಅಲ್ಲೇ ಇದ್ದೆ ಅನ್ನುವುದು ಅವನಿಗೆ ಲೆಕ್ಕಕ್ಕಿಲ್ಲ, ಕಥೆಯನ್ನು ಅವನ ಬಾಯಿಂದಲೇ ಕೇಳಬೇಕು. ಚಿಕ್ಕಿ ಪಕ್ಕದ ಕೋಣೆಯಲ್ಲಿ, ಬಾಗಿಲು ಅರ್ಧ ತೆರೆದಿತ್ತು.

“ಮಧ್ಯಾಹ್ನ ನಾನು ಕಡತ ನೋಡ್ತಾ ಕೂತಿದ್ದೆ.”

ಹೂಂ ಅನ್ನಬೇಡ ಅಂದಿದ್ದನಲ್ಲ. ಅವನಿಗೆ ಬೇಕಾದ ಪದ ಯಾವುದು ಅಂತ ನನಗೆ ಗೊತ್ತಿತ್ತು. “ಅದೇ,” ಅಂದೆ.

“ಏನು ಅದೇ?”

“ಏನಿಲ್ಲ. ಹೇಳು.”

“ಕಡತ ನೋಡ್ತಾ ಇದ್ದೆನಾ, ಆಗ ಕೂಗು ಕೇಳಿಸ್ತು.”

“ಅದೇ.”

“ಯಾವುದು?”

“ನಿನ್ನ ಪದ ಕಣೋ. ಇನ್ನೊಂದನ್ನ ಅನ್ಬೇಡ ಅಂದ್ಯಲ್ಲ.”

ಹಲ್ಲು ಕಚ್ಚಿಕೊಂಡು ಮುಂದುವರಿಸಿದ. “ಸರಿ. ಹೊರಗೆ ಬಂದು ನೋಡ್ತೀನಿ, ನೆಲದ ಮೇಲೆ ಇಷ್ಟುದ್ದ—”

“ಅದೇ.”

“ಅಯ್ಯೋ, ಹೂಂ ಅನ್ನೇ ಅಕ್ಕಾ! ಪ್ರತಿ ಸಲ ಎಡವಿ ಬೀಳ್ತಾ ಇದ್ದೀನಿ. ನೀನು ಹೂಂ ಅನ್ನದೆ ನಾನು ಹೇಗೆ ಮುಂದೆ ಹೋಗಲಿ?”

ಅಂದ ಮೇಲೆ, ತಾನು ಏನಂದೆ ಅಂತ ಅವನಿಗೇ ಹೊಳೆಯಿತು. ಪಕ್ಕದ ಕೋಣೆಯಿಂದ ಚಿಕ್ಕಿ ತಲೆ ಹೊರಗೆ ಹಾಕಿದಳು. ನಾನು ಬೇಕಂತ ಮಾಡಿದ್ದಲ್ಲ, ನಂಬಿದರೆ ನಂಬಿ. ಹೇಳಿದ ಹಾಗೆ ಕೇಳಿದ್ದೆ ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಲವತ್ತು ವರ್ಷ ದಿನಾ ಆ ಗಿಡದ ಕೆಳಗೇ ಕೂತಿದ್ದವನಿಗೆ ಕಾಣಲಿಲ್ಲ, ಮೊನ್ನೆ ಮೊನ್ನೆ ಬಂದ ಹುಡುಗಿ ಎಲೆ ಕಿತ್ತುಕೊಂಡು ಹೋದಳು. ಅವನಿಗೆ ಉರಿದದ್ದು ಅದೇ ಇರಬೇಕು.

ಚಹಾ ಬಗ್ಗಿಸಿದೆ. ಲೋಟ ಮುಕ್ಕಾಲು ತುಂಬಿದಾಗ ಅವನು ಎಲ್ಲೋ ನೋಡುತ್ತಾ, “ಉಹೂಂ,” ಅಂದ. ನಾನು ಕೈ ಎತ್ತಿದೆ.

“ಯಾಕೆ ನಿಲ್ಲಿಸಿದೆ?”

“ಉಹೂಂ ಅಂದ್ಯಲ್ಲ.”

ಲೋಟ ನೋಡಿದ, ಕೆಟಲ್ ನೋಡಿದ, ನನ್ನ ಕೈ ನೋಡಿದ. ಚಹಾ ಕುಡಿಯಲಿಲ್ಲ. ಚಪ್ಪಲಿ ಒಂದು ಕಾಲಿಗೆ ಹಾಕಿಕೊಂಡು ಇನ್ನೊಂದನ್ನು ಎಳೆದುಕೊಂಡೇ ಓಡಿದ.

ಮಾರನೇ ದಿನದಿಂದ ಯಂತ್ರಗಳಿಗೆ ‘ಉಹೂಂ’ ಗೊತ್ತಾಯಿತು. ಹಾಗೆ ಬರೆದರೆ ಸಾಲು ಮುಗಿಸಿ, ಕಣ್ಣು ಬೀಳದಂತೆ ನಿಲ್ಲುತ್ತದೆ. ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿದ. ಎದುರಿಗೆ ಚಿಕ್ಕಿ. ನಾನು ಪಕ್ಕದಲ್ಲಿ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದೆ. ‘ಅದೇ’ ಅನ್ನುವುದರ ಮೇಲೆ ಸ್ಕೇಲ್ ಇಟ್ಟು ನೇರವಾಗಿ ಒಂದು ಗೆರೆ ಎಳೆದ. ನನಗೇ ನೋಡಲಾಗಲಿಲ್ಲ. ಕೆಳಗೆ ಬರೆದ: ‘ಉಹೂಂ. ನಿಲ್ಲು. ಕೊಟ್ಟವರು: ನಾ.’ ಆಮೇಲೆ ಮೇಲಿನ ಸಾಲಿಗೆ ಹೋದ: ‘ಹೂಂ. ಹಿಂದಿನಂತೆ ನಡೆಸು. ಕೊಟ್ಟವರು:’ ಅಲ್ಲಿ ಪೆನ್ನು ನಿಂತಿತು.

“ಬರೀರಿ ಮಾವ,” ಅಂದಳು ಚಿಕ್ಕಿ, ಮೆತ್ತಗೆ. ಎರಡೇ ಅಕ್ಷರ. ಕೊಟ್ಟ ಹೆಸರೂ ಅವನದೇ.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಎರಡಕ್ಷರವನ್ನೇ ಬರೆದ: ‘ಅಕ್ಕ.’

“ಅನ್ಯಾಯ!” ಚಿಕ್ಕಿ ಎದ್ದೇಬಿಟ್ಟಳು. “ಅಮ್ಮ ಬರೀ ಸದ್ದು ಮಾಡಿದ್ದು. ಅದನ್ನ ಪದ ಅಂತ ಕಂಡುಹಿಡಿದಿದ್ದು ನಾನು!”

“ಸದ್ದಲ್ಲಮ್ಮ,” ಅಂದ ನನ್ನ ತಮ್ಮ, ಪೆನ್ನಿನ ಟೋಪಿ ಹಾಕುತ್ತಾ. “ಅದು ಪದ. ಸರಿ ತಾನೇ ಅಕ್ಕಾ?”

ಇಬ್ಬರೂ ನನ್ನ ಕಡೆ ತಿರುಗಿದರು. ಅವನು ಅದನ್ನು ನನ್ನ ಮೇಲಿನ ಪ್ರೀತಿಗೆ ಬರೆದದ್ದಲ್ಲ, ಅವಳಿಗೆ ಸಿಗಬಾರದು ಅಂತ ಬರೆದದ್ದು, ಅಷ್ಟು ನನಗೂ ತಿಳಿಯುತ್ತದೆ. ತಾಯಿಯಾದವಳು ‘ಬೇಡಪ್ಪ, ಮಗಳ ಹೆಸರು ಹಾಕು’ ಅನ್ನಬೇಕಿತ್ತು. ಆದರೆ ಎಷ್ಟು ವರ್ಷ ಆ ಮೇಜಿನ ಮೇಲೆ ಎರಡು ತಲೆ ಒಂದಾಗಿ ಕೂತಿದ್ದನ್ನು, ಎಷ್ಟು ಲೋಟ ಚಹಾ ಆರಿದ್ದನ್ನು ನಾನು ನೋಡಿದ್ದೇನೆ. ‘ಹತ್ತಿರದ ನೆಂಟನಿಗೆ ಚಿಕ್ಕ ಹೆಸರು’ ಅನ್ನುವ ಸಾಲಿನ ಮುಂದಿನ ‘ನಾ’ ಕೂಡ ಅದೇ ಪುಸ್ತಕದಲ್ಲಿತ್ತು.

ಗುಂಡಿಯ ದಾರ ಕಡಿದುಕೊಂಡೆ.

“ಹೂಂ,” ಅಂದೆ.

ಹದಿನೈದು ದಿನ ಮಗಳು ನನ್ನನ್ನು ‘ಅಮ್ಮನವರೇ’ ಅಂತ ಕರೆದಳು. ಆಮೇಲೊಂದು ಬೆಳಗ್ಗೆ ಬಚ್ಚಲಿಂದ “ಅಮ್ಮಾ, ಟವೆಲ್” ಅಂತ ಕೂಗಿದ ಮೇಲೆ ನನಗೆ ಉಸಿರು ಬಂತು.

ತಮ್ಮ ಈಗ ನಿವೃತ್ತ. ಇಪ್ಪತ್ತನಾಲ್ಕು ತಗಡೂ ಯಂತ್ರಗಳ ಮೇಲಿವೆ. ಸಂಜೆ ಆರಕ್ಕೆ ಬಂದು ಸ್ಟೂಲಿನ ಮೇಲೆ ಕೂರುವುದು ತಪ್ಪಿಲ್ಲ, ಈಗ ಹೇಳುವುದಕ್ಕಿಂತ ಕೇಳುವುದು ಜಾಸ್ತಿ. ಚಿಕ್ಕಿ ಚೀಲ ಕೆಳಗಿಡುವುದಕ್ಕೂ ಬಿಡುವುದಿಲ್ಲ.

“ಚಿಕ್ಕೀ, ಇವತ್ತು ಅದೇ ಎಷ್ಟು?”

“ಸೊನ್ನೆ, ಮಾವ.” ಅದನ್ನು ಹೇಳುವಾಗ ಅವಳ ಬಾಯಲ್ಲಿ ಬೆಲ್ಲ ಕರಗುತ್ತಿರುತ್ತದೆ.

“ಇರಲಿ. ಉಹೂಂ?”

“ಮೂವತ್ತೊಂದು.”

“ಮೂವತ್ತೊಂದು! ಕೇಳಿಸ್ತಾ ಅಕ್ಕಾ?”

ಕೇಳಿಸಿತು. ನಾನು ಒಲೆ ಸಣ್ಣ ಮಾಡಿ, ಇಬ್ಬರ ಕಡೆಗೂ ತಿರುಗಿ, “ನನ್ನದೆಷ್ಟು?” ಅಂತ ಕೇಳುತ್ತೇನೆ. ಅಷ್ಟು ಹೊತ್ತಿಗೆ ಇಬ್ಬರಿಗೂ ಚಹಾ ನೆನಪಾಗಿರುತ್ತದೆ.